ಪೋಲ್ ಡ್ಯಾನ್ಸ್: ಮಳೆಗಾಲದಲ್ಲಿ ಹಿಡಿತ ಜಾರುತ್ತೆ, ಸುತ್ತು ಕೈ ಮೀರುತ್ತೆ. ಭೌತಶಾಸ್ತ್ರದ ಲೆಕ್ಕದಿಂದ ತಿದ್ದಿಕೊಳ್ಳೋದು ಹೇಗೆ?

ಕಾರವಾರ_ಕಂಬ ಕೇಳಿದ್ದು:

ಕಾರವಾರದಲ್ಲಿ ಫ್ಲ್ಯಾಟಿನ ಒಂದು ರೂಮಿನಲ್ಲಿ 45 ಮಿ.ಮೀ. ದಪ್ಪದ ಕ್ರೋಮ್ ಪೋಲ್ ನಿಲ್ಲಿಸಿದ್ದೇನೆ. ನೆಲಕ್ಕೂ ಸ್ಲ್ಯಾಬಿಗೂ ನಡುವೆ ಸ್ಕ್ರೂ ತಿರುಗಿಸಿ ಬಿಗಿ ಮಾಡುವ ಜಾತಿಯದ್ದು. ಸ್ಲ್ಯಾಬ್ ಎತ್ತರ 9 ಅಡಿ. ಸ್ಟ್ಯಾಟಿಕ್ (ಕಂಬ ತಿರುಗಲ್ಲ), ಸ್ಪಿನ್ (ಕಂಬವೇ ತಿರುಗುತ್ತೆ) ಎರಡೂ ಆಗುತ್ತೆ. ನನ್ನ ತೂಕ 55 ಕೆ.ಜಿ. ತೊಂದರೆಗಳು ಇವು:

1. ಹತ್ತುವಾಗ ಕೈ ಸ್ವಲ್ಪ ಹಗುರ ಮಾಡಿದರೂ ಕಾಲು ಜಾರುತ್ತೆ. ಜೂನ್ ಬಂತೆಂದರೆ ಇನ್ನೂ ಜಾಸ್ತಿ.
2. ಸ್ಪ್ಲಿಟ್ ಗ್ರಿಪ್‌ನಲ್ಲಿ, ಅಂದರೆ ಒಂದು ಕೈ ಮೇಲೆ ಒಂದು ಕೈ ಕೆಳಗೆ ಇಟ್ಟು ದೇಹ ಹೊರಗೆ ಚಾಚುವಾಗ, ಕೆಳಗಿನ ಮಣಿಕಟ್ಟು ನೋಯುತ್ತೆ.
3. ಸ್ಟ್ಯಾಟಿಕ್‌ನಲ್ಲಿ ಸುತ್ತು ಹಾಕಿದರೆ ಒಂದೇ ಸುತ್ತಿಗೆ ನೆಲ ಮುಟ್ಟುತ್ತೇನೆ. ಸ್ಪಿನ್‌ಗೆ ಬದಲಾಯಿಸಿದರೆ ವೇಗ ಹಿಡಿತಕ್ಕೆ ಸಿಗಲ್ಲ.
4. ಇನ್ವರ್ಟ್, ಅಂದರೆ ತಲೆಕೆಳಗಾಗೋದು, ಕಾಲು ಒದೆಯದೆ ಆಗುತ್ತಿಲ್ಲ. ಆದಮೇಲೂ ಮಂಡಿ ಹಿಡಿತ ನಿಲ್ಲಲ್ಲ.

"ಶಕ್ತಿ ಬೆಳೆಸಿಕೊಳ್ಳಿ" ಅನ್ನೋ ಉತ್ತರ ಎಲ್ಲ ಕಡೆ ಸಿಕ್ಕಿದೆ. ಬಲ ಎಲ್ಲಿಂದ ಎಲ್ಲಿಗೆ ಹೋಗುತ್ತೆ ಅಂತ ತಿಳಿದವರು ಹೇಳಿದರೆ ಉಪಕಾರ. ಪಿಯುಸಿ ಮಟ್ಟದ ಲೆಕ್ಕ ಅರ್ಥವಾಗುತ್ತೆ.

---

ಶಿರಸಿ_ಫಿಸಿಕ್ಸ್:

ಮೊದಲ ಎರಡಕ್ಕೆ ಉತ್ತರ ಒಂದೇ ಜಾಗದಲ್ಲಿದೆ, ಹಾಗಾಗಿ ಅವನ್ನು ವಿವರವಾಗಿ ನೋಡೋಣ.

ಕಂಬ ನೆಟ್ಟಗಿದೆ. ನಿಮ್ಮನ್ನು ಮೇಲೆ ನಿಲ್ಲಿಸೋದು ಘರ್ಷಣೆ ಒಂದೇ. ಘರ್ಷಣೆ ಗರಿಷ್ಠ ಎಷ್ಟು ಸಿಗುತ್ತೆ ಅಂದರೆ, ಘರ್ಷಣಾಂಕವನ್ನು ಚರ್ಮ ಕಂಬಕ್ಕೆ ಒತ್ತುವ ಬಲದಿಂದ ಗುಣಿಸಿದಷ್ಟು. ಎಲ್ಲರೂ ಘರ್ಷಣಾಂಕದ ಹಿಂದೆ ಬೀಳುತ್ತಾರೆ: ಚಾಕ್, ಸ್ಪ್ರೇ, ಜೆಲ್. ಒತ್ತುವ ಬಲ ಎಲ್ಲಿಂದ ಬರುತ್ತೆ ಅಂತ ಯಾರೂ ಕೇಳಲ್ಲ.

ಅದು ಎರಡು ದಾರಿಯಲ್ಲಿ ಬರುತ್ತೆ. ಒಂದು, ಸ್ನಾಯು ಹಿಂಡೋದು. ಇದು ದುಬಾರಿ, ಬೇಗ ಸುಸ್ತು. ಇನ್ನೊಂದು ಪುಕ್ಕಟೆ: ನಿಮ್ಮ ಗುರುತ್ವ ಕೇಂದ್ರ ಕಂಬದಿಂದ ದೂರ ಇದ್ದರೆ ನಿಮ್ಮ ತೂಕವೇ ನಿಮ್ಮನ್ನು ಕಂಬದ ಸುತ್ತ ತಿರುಚುತ್ತೆ, ಆ ತಿರುಚುವಿಕೆಯನ್ನು ತಡೆಯಲು ಮೇಲಿನ ಸ್ಪರ್ಶಬಿಂದು ಒಂದು ಕಡೆಗೆ, ಕೆಳಗಿನದು ಎದುರು ಕಡೆಗೆ ಕಂಬವನ್ನು ತಂತಾನೇ ಒತ್ತುತ್ತವೆ. ನಮ್ಮ ಕಡೆ ಅಡಿಕೆ ಮರದಲ್ಲಿ ಕೊನೆಗೌಡರು (ಅಡಿಕೆ ಕೊನೆ ಕೊಯ್ಯುವವರು) ಸೊಂಟ ಹಿಂದಕ್ಕೆ ಬಿಟ್ಟು ಆರಾಮಾಗಿ ನಿಲ್ಲೋದು ಇದರಿಂದಲೇ. ಮರ ಅಪ್ಪಿಕೊಂಡವನು ಜಾರುತ್ತಾನೆ.

ಲೆಕ್ಕ: ಗುರುತ್ವ ಕೇಂದ್ರ ಕಂಬದಿಂದ ಎಷ್ಟು ದೂರ ಇದೆಯೋ ಅದನ್ನು ಎರಡು ಸ್ಪರ್ಶಬಿಂದುಗಳ ನಡುವಿನ ಎತ್ತರದಿಂದ ಭಾಗಿಸಿ, ತೂಕದಿಂದ ಗುಣಿಸಿ. ಪ್ರತಿ ಬಿಂದುವಿನಲ್ಲಿ ಸಿಗುವ ಒತ್ತು ಬಲ ಅಷ್ಟು. ಎರಡೂ ಬಿಂದುವಿನ ಘರ್ಷಣೆ ಸೇರಿ ತೂಕಕ್ಕೆ ಸಮ ಆಗಬೇಕು. ತೂಕ ಎರಡೂ ಕಡೆ ಹೊಡೆದುಹೋಗುತ್ತೆ ಗಮನಿಸಿ! ದಪ್ಪ ಇರುವವರು ಜಾಸ್ತಿ ಜಾರುತ್ತಾರೆ ಅನ್ನೋದಕ್ಕೆ ಈ ಲೆಕ್ಕದಲ್ಲಿ ಜಾಗವೇ ಇಲ್ಲ.

ಈಗ ನಿಮ್ಮ ಹತ್ತುವ ಭಂಗಿ. ಮುಂದಿನ ಕಾಲಿನ ಮೊಣಕಾಲಡಿ ಕಂಬಕ್ಕೆ ಅಡ್ಡ ಒರಗಿರುತ್ತೆ, ಹಿಂದಿನ ಪಾದ ಕಂಬದ ಆಚೆಯಿಂದ ಹಿಡಿದಿರುತ್ತೆ. ಮಂಡಿ ಮಟ್ಟದಿಂದ ಪಾದದ ಮಟ್ಟಕ್ಕೆ ಸುಮಾರು 35 ಸೆಂ.ಮೀ. ಘರ್ಷಣಾಂಕ 0.5 ಅಂತ ಇಟ್ಟುಕೊಳ್ಳಿ. ಸೊಂಟ ಹಿಂದೆ ಬಿಟ್ಟು ಗುರುತ್ವ ಕೇಂದ್ರ 30 ಸೆಂ.ಮೀ. ದೂರ ಇದ್ದರೆ ತೂಕದ 86 ಶೇಕಡಾ ಪುಕ್ಕಟೆ ಘರ್ಷಣೆಯೇ ಹೊರುತ್ತೆ, ಉಳಿದ 14 ಮಾತ್ರ ತೊಡೆ ಹಿಂಡಿ ಹೊರಬೇಕು. ಹೆದರಿ ಕಂಬ ಅಪ್ಪಿಕೊಂಡು 10 ಸೆಂ.ಮೀ. ಮಾಡಿಕೊಂಡಿರೋ, ಪುಕ್ಕಟೆ ಸಿಗೋದು 29 ಶೇಕಡಾ. ಉಳಿದ 71 ಶೇಕಡಾ ತೊಡೆಯ ಮೇಲೆ. ಕೈ ಹಗುರ ಮಾಡಿದ ಕೂಡಲೇ ಕಾಲು ಜಾರೋದು ಈ ಕಾರಣಕ್ಕೆ.

ಅಭ್ಯಾಸ ಹೀಗೆ ಮಾಡಿ. ನೆಲದಿಂದ ಒಂದಡಿ ಮೇಲೆ ಕಾಲಿನ ಬೀಗ, ಅಂದರೆ ಈಗ ಹೇಳಿದ ಕಾಲಿನ ಹಿಡಿತ, ಹಾಕಿ. ಮುಂದಿನ ಪಾದ ಮೇಲಕ್ಕೆ ಮಡಿಸಿರಲಿ, ಬೆರಳು ಚಾಚಿದರೆ ಮೂಳೆಯ ಅಂಚು ಕಂಬದಿಂದ ಬಿಟ್ಟುಹೋಗುತ್ತೆ. ಭಾರ ಹಾಕುವ ಮೊದಲು ತೊಡೆ, ಮೊಣಕಾಲಡಿಯ ಚರ್ಮವನ್ನು ಸ್ವಲ್ಪ ಮೇಲಕ್ಕೆ ಉಜ್ಜಿ ಕೂರಿಸಿ, ಆಮೇಲೆ ತೂಕ ಬಿಡಿ. ಚರ್ಮ ಹಿಗ್ಗುವ ವಸ್ತು. ಮೊದಲೇ ಎಳೆದು ಕೂರಿಸದಿದ್ದರೆ ತೂಕ ಬಿದ್ದಾಗ ಅದು ಎಳೆಯುವಷ್ಟೂ ನೀವು ಕೆಳಗೆ ಇಳಿಯುತ್ತೀರಿ, ಜಾರಿದೆ ಅನ್ನಿಸಿ ಗಾಬರಿಯಿಂದ ಇನ್ನಷ್ಟು ಅಪ್ಪಿಕೊಳ್ಳುತ್ತೀರಿ. ಆಮೇಲೆ ಎದೆ ಕಂಬದಿಂದ ದೂರ, ಸೊಂಟ ಹಿಂದೆ. ಒಂದು ಕೈ ಬಿಟ್ಟು ಐದು ಎಣಿಸಿ.

ಸ್ಪ್ಲಿಟ್ ಗ್ರಿಪ್‌ಗೂ ಇದೇ ಲೆಕ್ಕ, ಆದರೆ ಇಲ್ಲಿ ಒತ್ತು ಬಲ ಕೀಲುಗಳ ಮೇಲೆ ಬೀಳುತ್ತೆ. ನಿಮ್ಮ ತೂಕ ಸುಮಾರು 540 ನ್ಯೂಟನ್. ಗುರುತ್ವ ಕೇಂದ್ರ 40 ಸೆಂ.ಮೀ. ಹೊರಗೆ, ಕೈಗಳ ನಡುವೆ 70 ಸೆಂ.ಮೀ. ಇದ್ದರೆ ಮೇಲಿನ ಕೈ 31 ಕೆ.ಜಿ. ಭಾರದಷ್ಟು ಎಳೆಯಬೇಕು, ಕೆಳಗಿನ ಕೈ ಅಷ್ಟೇ ತಳ್ಳಬೇಕು. ಕೈ ಅಂತರ 90 ಸೆಂ.ಮೀ. ಮಾಡಿ, ಎರಡೂ 24.5 ಕೆ.ಜಿ.ಗೆ ಇಳಿಯುತ್ತವೆ. ಮಣಿಕಟ್ಟಿಗೆ ಇದಕ್ಕಿಂತ ಅಗ್ಗದ ಔಷಧಿ ಇಲ್ಲ.

ಒಂದು ಸೂಕ್ಷ್ಮ: ಅಡ್ಡ ಬಲ ಎರಡೂ ಕೈಗೆ ಸಮ ಇರಲೇಬೇಕು, ಅದು ನಿಮ್ಮ ಇಷ್ಟವಲ್ಲ. ಆದರೆ 540 ನ್ಯೂಟನ್ ನೆಟ್ಟ ತೂಕವನ್ನು ಎರಡು ಕೈಗೆ ಹೇಗೆ ಹಂಚೋದು ಅನ್ನೋದು ನಿಮ್ಮ ಕೈಯಲ್ಲೇ ಇದೆ. ಹೆಚ್ಚಿನವರು ಗೊತ್ತಿಲ್ಲದೆ ಪೂರ್ತಿ ಕೆಳಗಿನ ಅಂಗೈ ಮೇಲೆ ಹೇರುತ್ತಾರೆ. ಮೇಲಿನ ಭುಜದ ಹಲಗೆ ಕೆಳಕ್ಕೆ ಎಳೆದುಕೊಂಡು ಆ ಕೈಯಿಂದ ಮೊದಲು ತೂಗಿ, ಆಮೇಲೆ ಕೆಳಗಿನ ಕೈ ತಳ್ಳಲಿ. ಕೆಳಗಿನ ತೋರುಬೆರಳು ಕಂಬದ ಉದ್ದಕ್ಕೂ ನೆಲದ ಕಡೆ ಇದ್ದರೆ ಮಣಿಕಟ್ಟು ಮುರಿದು ಕೂರಲ್ಲ. ಮೊಣಕೈ ನೇರ ಇರಲಿ, ಆಗ ಬಲ ಮೂಳೆಯ ಉದ್ದಕ್ಕೆ ಹೋಗುತ್ತೆ. ಬಾಗಿದ್ದರೆ ತೋಳಿನ ಸ್ನಾಯು ಅಷ್ಟನ್ನೂ ಹಿಡಿಯಬೇಕಾಗುತ್ತೆ.

---

ಗೋಕರ್ಣ_ಸ್ಪಿನ್:

ಮೂರನೇ ಪ್ರಶ್ನೆ ನನಗಿರಲಿ.

ಸ್ಟ್ಯಾಟಿಕ್‌ನಲ್ಲಿ ಸುತ್ತುವಾಗ ಕೆಳಗೆ ಇಳಿಯೋದು ತಪ್ಪಲ್ಲ, ತಪ್ಪಿಸಲೂ ಆಗಲ್ಲ. ಜಾರುತ್ತಿರುವ ಮೇಲ್ಮೈಗಳ ನಡುವೆ ಘರ್ಷಣೆ ಜಾರುವ ದಿಕ್ಕಿಗೆ ನೇರ ವಿರುದ್ಧ ಮಾತ್ರ ಕೆಲಸ ಮಾಡುತ್ತೆ. ನಿಮ್ಮ ಕೈ ಕಂಬದ ಸುತ್ತ ಅಡ್ಡ ಜಾರುತ್ತಿದ್ದರೆ ಘರ್ಷಣೆಯೂ ಅಡ್ಡಕ್ಕೇ ಇರುತ್ತೆ, ತೂಕ ಹೊರಲು ಏನೂ ಉಳಿಯಲ್ಲ. ಆಗ ದೇಹ ಕೆಳಗಿಳಿಯಲು ಶುರುವಾಗಿ, ಜಾರುವ ದಾರಿ ಓರೆಯಾಗಿ, ಘರ್ಷಣೆಯ ಒಂದು ಪಾಲು ಮೇಲ್ಮುಖ ಆಗುತ್ತೆ. ಆ ಪಾಲು ತೂಕಕ್ಕೆ ಸಮ ಆದಲ್ಲಿಗೆ ಇಳಿಯುವ ವೇಗ ನೆಲೆ ನಿಲ್ಲುತ್ತೆ.

45 ಮಿ.ಮೀ. ಕಂಬದ ಸುತ್ತಳತೆ 14 ಸೆಂ.ಮೀ. ಒಟ್ಟು ಘರ್ಷಣೆ ನಿಮ್ಮ ತೂಕದ 1.4 ಪಟ್ಟು ಇದ್ದರೆ ಜಾರುವ ದಾರಿ 45 ಡಿಗ್ರಿ ಓರೆ, ಸುತ್ತಿಗೆ 14 ಸೆಂ.ಮೀ. ಇಳಿತ. ಎರಡು ಪಟ್ಟು ಇದ್ದರೆ 30 ಡಿಗ್ರಿ, ಇಳಿತ 8 ಸೆಂ.ಮೀ. ಹಾಗಂತ ಹಿಂಡುತ್ತಲೇ ಹೋದರೆ ಸುತ್ತೇ ಸತ್ತುಹೋಗುತ್ತೆ: ಎರಡು ಪಟ್ಟು ಹಿಡಿತದಲ್ಲಿ, ಸೆಕೆಂಡಿಗೆ ಒಂದು ಸುತ್ತಿನ ವೇಗದಲ್ಲಿ ಹೊರಟರೂ, ಎರಡೂವರೆ ಸೆಕೆಂಡಿನಲ್ಲಿ, ಒಂದೂಕಾಲು ಸುತ್ತು ಮುಗಿಯುವಷ್ಟರಲ್ಲಿ ನಿಲ್ಲುತ್ತೀರಿ. ನೀವು ಒಂದೇ ಸುತ್ತಿಗೆ ನೆಲ ಮುಟ್ಟುತ್ತೀರಿ ಅಂದರೆ 14 ಸೆಂ.ಮೀ.ಗಿಂತ ಬಹಳ ಜಾಸ್ತಿ ಇಳಿಯುತ್ತಿದ್ದೀರಿ, ಅಂದರೆ ಹಿಡಿತ ತೂಕದಷ್ಟು ಕೂಡ ಇಲ್ಲ ಅಥವಾ ಶುರುವಿನ ಎತ್ತರವೇ ಇಲ್ಲ.

ಶುರು ಮಾಡೋದು ಹೀಗೆ. ಒಳಗಿನ ಕೈ ತಲೆಗಿಂತ ಮೇಲೆ, ತೋಳು ನೇರ, ಭುಜ ಕಿವಿಯಿಂದ ಕೆಳಗೆ ಎಳೆದಿರಲಿ. ಕಂಬದ ಪಕ್ಕ ನಡೆಯುವಾಗ ದೇಹ ಹೊರಗೆ ವಾಲಲಿ. ಹೊರಗಿನ ಕಾಲು ನೆಲಕ್ಕೆ ಹತ್ತಿರ, ದೊಡ್ಡ ಕಮಾನಿನಲ್ಲಿ ಬೀಸಲಿ. ಕೋನೀಯ ಸಂವೇಗ ಅಂದರೆ ದ್ರವ್ಯರಾಶಿ, ವೇಗ, ಕಂಬದಿಂದ ದೂರ, ಮೂರರ ಗುಣಲಬ್ಧ. ನೆಲ ಬಿಟ್ಟಮೇಲೆ ಅದನ್ನು ಹೆಚ್ಚಿಸಲು ದಾರಿಯೇ ಇಲ್ಲ. ನೆಲದ ಮೇಲಿದ್ದಾಗ ಗಳಿಸಿದ್ದನ್ನೇ ಖರ್ಚು ಮಾಡಬೇಕು. ಹತ್ತಿರ ನಿಂತು ಮೇಲಕ್ಕೆ ಹಾರಿದರೆ ಎತ್ತರ ಸಿಗುತ್ತೆ, ಸುತ್ತು ಸಿಗಲ್ಲ.

ಸ್ಪಿನ್‌ನಲ್ಲಿ ಕಂಬವೇ ನಿಮ್ಮ ಜೊತೆ ತಿರುಗುತ್ತೆ, ಕೈ ಜಾರಲ್ಲ, ಘರ್ಷಣೆ ಪೂರ್ತಿ ತೂಕ ಹೊರಲು ಸಿಗುತ್ತೆ. ಹಾಗಾಗಿ ಹಿಡಿತ ಸುಲಭ. ಬೇರಿಂಗ್ ಚೆನ್ನಾಗಿದ್ದರೆ ಕೋನೀಯ ಸಂವೇಗ ಬಹಳ ಹೊತ್ತು ಉಳಿಯುತ್ತೆ, ಅಲ್ಲೇ ಇರೋದು ಸಮಸ್ಯೆ. ಮೊಮೆಂಟ್ ಆಫ್ ಇನರ್ಷಿಯಾ, ಅಂದರೆ ತಿರುಗುವ ವೇಗ ಬದಲಾಗೋದಕ್ಕೆ ದೇಹ ಒಡ್ಡುವ ಜಡತ್ವ, ದೂರದ ವರ್ಗಕ್ಕೆ ತಕ್ಕಂತೆ ಬದಲಾಗುತ್ತೆ. ದೇಹದ ಸರಾಸರಿ ದೂರ 40 ಸೆಂ.ಮೀ.ನಿಂದ 28ಕ್ಕೆ ಎಳೆದುಕೊಂಡರೆ ಸಾಕು, ಅದು ಅರ್ಧ ಆಗಿ ವೇಗ ದುಪ್ಪಟ್ಟು. ಎರಡು ಸೆಕೆಂಡಿಗೆ ಒಂದು ಸುತ್ತು ಇದ್ದದ್ದು ಸೆಕೆಂಡಿಗೊಂದು. ಹೊರಕ್ಕೆ ಎಳೆಯುವ ಬಲ 22 ಕೆ.ಜಿ. ಇದ್ದದ್ದು ಸುಮಾರು 62 ಕೆ.ಜಿ. ಆಗುತ್ತೆ. ಕಾಲು ಮಡಚಿದ ಕೂಡಲೇ ಬೆರಳು ಬಿಚ್ಚಿಕೊಳ್ಳೋದು ಯಾಕೆ ಅಂತ ಈಗ ಗೊತ್ತಾಯಿತಲ್ಲ.

ಆದ್ದರಿಂದ ಸ್ಪಿನ್‌ನಲ್ಲಿ ಸ್ಟ್ಯಾಟಿಕ್‌ಗೆ ಹಾಕುವ ತಳ್ಳು ಹಾಕಬೇಡಿ, ಮೂರರಲ್ಲೊಂದು ಸಾಕು. ಕಾಲು ಚಾಚಿದ ಭಂಗಿಯಲ್ಲೇ ಏರಿ, ನಿಧಾನಕ್ಕೆ ಒಳಗೆ ತನ್ನಿ. ವೇಗ ಮೀರಿದರೆ ಒಂದು ಕಾಲು ಮೊದಲು ಹೊರಗೆ, ಆಮೇಲೆ ಇನ್ನೊಂದು. ಎರಡೂ ಒಟ್ಟಿಗೆ ಎಸೆದರೆ ಎಳೆತದ ದಿಕ್ಕು ಝಟ್ಟನೆ ಬದಲಾಗಿ ಕೈ ತಪ್ಪುತ್ತೆ. ತಲೆ ಸುತ್ತಿದಾಗ ಕಂಬ ಬಿಟ್ಟು ಹಾರಬೇಡಿ, ದೇಹ ತೆರೆದು ವೇಗ ಇಳಿಸಿ, ಪಾದ ಊರಿ.

ಮಂಡಿ ಹಿಡಿತಕ್ಕೆ: ಹಗ್ಗವನ್ನು ಗೂಟಕ್ಕೆ ಸುತ್ತಿದ ಹಾಗೆ ಸುತ್ತು ಜಾಸ್ತಿ ಆದಷ್ಟೂ ಹಿಡಿತ ಘಾತೀಯವಾಗಿ ಏರುತ್ತೆ. ಘರ್ಷಣಾಂಕ 0.5 ಇದ್ದು ಅರ್ಧ ಸುತ್ತಾದರೆ 4.8 ಪಟ್ಟು, ಮುಕ್ಕಾಲು ಸುತ್ತಾದರೆ 10 ಪಟ್ಟಿಗೂ ಮೇಲೆ. ಹಿಮ್ಮಡಿ ಪೃಷ್ಠಕ್ಕೆ ಎಳೆದು ಸುತ್ತು ಹೆಚ್ಚಿಸಿ.

---

ಹಳಿಯಾಳ_ಮಲ್ಲಕಂಬ:

ಗೋಕರ್ಣದವರ ಸುತ್ತಿನ ಲೆಕ್ಕ ಚೊಕ್ಕ ಇದೆ. ಕೊನೆಯ ಮಾತು ಮಾತ್ರ ಒಪ್ಪಲ್ಲ. ಆ ಸೂತ್ರ ಬಾಗುವ ಹಗ್ಗದ್ದು, ಅದೂ ಹಗ್ಗ ತನ್ನ ಉದ್ದಕ್ಕೆ ಎಳೆದಾಗ. ಹಗ್ಗದ ಮಲ್ಲಕಂಬದಲ್ಲಿ ಅದು ಸರಿಯಾಗಿ ಕೂರುತ್ತೆ. ಕಾಲು ಎರಡು ಗಟ್ಟಿ ಮೂಳೆ, ಮಧ್ಯೆ ಒಂದು ಕೀಲು. ಕಂಬಕ್ಕೆ ತಾಗೋದು ತೊಡೆಯ ಹಿಂಭಾಗ, ಮಂಡಿಯ ಗುಳಿ, ಮೀನಖಂಡ, ಇಷ್ಟೇ ಮೂರು ತುಣುಕು. ಮೇಲಾಗಿ ನೀವು ಜಾರೋದು ಕಂಬದ ಉದ್ದಕ್ಕೆ ಕೆಳಗೆ, ಸುತ್ತಿನ ದಿಕ್ಕಿಗಲ್ಲ. ಹಿಮ್ಮಡಿ ಎಳೆಯಬೇಕು ಅನ್ನೋ ಸಲಹೆ ಸರಿ, ಕಾರಣ ಬೇರೆ: ತೊಡೆಯ ಹಿಂದಿನ ಸ್ನಾಯು ಮೀನಖಂಡವನ್ನು ಕಂಬಕ್ಕೆ ಹಿಂಡುತ್ತೆ.

ತಂಗಿ, ಮಂಡಿ ಹಿಡಿತದಲ್ಲಿ ಜಾರೋದು ಹೆಚ್ಚಾಗಿ ಎರಡನೇ ಸ್ಪರ್ಶ ಇಲ್ಲದ್ದಕ್ಕೆ. ಹೊರಗಾಲಿನ ಹಿಡಿತದಲ್ಲಿ, ಅಂದರೆ ಕಂಬದಿಂದ ದೂರದ ಕಾಲಿನ ಮಂಡಿ ಸಿಕ್ಕಿಸಿ ತೂಗುವಾಗ, ಮಂಡಿ ಮೇಲೆ, ಸೊಂಟದ ಪಕ್ಕೆ ಕೆಳಗೆ, ಎರಡೂ ಕಂಬಕ್ಕೆ ತಾಗಿರಬೇಕು. ಶಿರಸಿಯವರು ಹೇಳಿದ, ಎದುರುಬದುರು ಒತ್ತುವ ಜೋಡಿ ಬಲ ಹುಟ್ಟೋದು ಆಗಲೇ. ಸೊಂಟ ತೇಲಿ ದೂರ ಹೋದರೆ ಮಂಡಿ ಒಂದೇ ಉಳಿಯುತ್ತೆ. ಸೊಂಟ ಕಂಬಕ್ಕೆ ತಿರುವಿ ಒರಗಿಸಿ, ಎದೆ ತೆರೆದು, ಆಮೇಲೆ ಕೈ ಬಿಡಿ. ಬಟ್ಟೆ ಆ ಜಾಗದಲ್ಲಿ ಇರಬಾರದು, ಲೈಕ್ರಾ ಕ್ರೋಮ್ ಮೇಲೆ ಎಣ್ಣೆಯ ಹಾಗೆ ಜಾರುತ್ತೆ.

ಇನ್ವರ್ಟ್‌ಗೆ: ಎರಡು ಕಾಲು ಸೇರಿ ದೇಹದ ತೂಕದ ಮೂರನೇ ಒಂದು ಭಾಗದ ಹತ್ತಿರ, ನಿಮಗೆ ಸುಮಾರು 17.6 ಕೆ.ಜಿ. ಕಾಲು ನೇರ ಇದ್ದರೆ ಅದರ ಭಾರ ಸೊಂಟದಿಂದ 38 ಸೆಂ.ಮೀ. ದೂರದಲ್ಲಿ ತೂಗುತ್ತೆ, ಟಾರ್ಕ್ (ತಿರುಗಿಸುವ ಬಲ) ಸುಮಾರು 66 ನ್ಯೂಟನ್ ಮೀಟರ್. ಮಂಡಿ ಎದೆಗೆ ಮಡಚಿದರೆ 20 ಸೆಂ.ಮೀ., ಟಾರ್ಕ್ ಅರ್ಧದಷ್ಟು. ಇನ್ನು ಮುಂಡ, ತಲೆ ಎರಡೂ ಸೇರಿ ಕಾಲಿಗಿಂತ ಭಾರ. ತಲೆ, ಭುಜ ಹಿಂದಕ್ಕೆ ವಾಲಿಸದೆ ಬರೀ ಕಾಲು ಎತ್ತಲು ಹೋದರೆ ಎದುರು ತೂಕವೇ ಇಲ್ಲದ ತಕ್ಕಡಿ ಆಗುತ್ತೆ, ಅದಕ್ಕೇ ಒದೆಯಬೇಕು ಅನ್ನಿಸೋದು. ಒದ್ದರೆ ಮೇಲೆ ಹೋಗ್ತೀರಿ, ಆದರೆ ಆ ವೇಗ ನಿಲ್ಲಿಸಲು ಕೊನೆಯಲ್ಲಿ ಒಮ್ಮೆಲೇ ಘರ್ಷಣೆ ಬೇಕು, ಅಲ್ಲಿ ಕೈ ಜಾರುತ್ತೆ.

ಕ್ರಮ ಹೀಗೆ: ಕಂಬ ಕಂಕುಳ ಪಕ್ಕ, ಎರಡೂ ಕೈ ಎದೆಮಟ್ಟದಲ್ಲಿ ಬಾಗಿ ಬಿಗಿ. ಉಸಿರು ಬಿಡುತ್ತ ಮಂಡಿ ಎದೆಗೆ. ಗಲ್ಲ ಮೇಲೆ ಮಾಡಿ ಹಿಂದಿನ ಗೋಡೆ ನೋಡುತ್ತ ಭುಜ ಹಿಂದಕ್ಕೆ ಬಿಡಿ. ಸೊಂಟ ಕೈಗಳ ಮಟ್ಟಕ್ಕೆ ಬಂದಮೇಲೆ ಮಾತ್ರ ಕಾಲು ಅಗಲಿಸಿ. ಇಳಿಯೋದು ಅದೇ ದಾರಿಯಲ್ಲಿ, ನಿಧಾನಕ್ಕೆ. ಮೊದಲು ಇಳಿಯೋದನ್ನೇ ಕಲಿಯಿರಿ, ಇಳಿಯುವಾಗ ಸ್ನಾಯು ಹೆಚ್ಚು ಹೊರುತ್ತೆ.

ಇನ್ನೊಂದು ಮಾತು. ಮಲ್ಲಕಂಬದ ವಿಡಿಯೋ ನೋಡಿ ಪೋಲ್ ಮೇಲೆ ಹಾಗೇ ಮಾಡಲು ಹೋಗಬೇಡಿ. ನಮ್ಮ ಮರದ ಕಂಬ ಬುಡದಲ್ಲಿ ಅರ್ಧ ಮೀಟರ್ ಸುತ್ತಳತೆಯ ಆಸುಪಾಸು, ತ್ರಿಜ್ಯ 8 ಸೆಂ.ಮೀ. ನಿಮ್ಮದು 2.25. ಅದೇ ಘರ್ಷಣೆಗೆ ದೇಹ ಪಕ್ಕಕ್ಕೆ ತಿರುಗಿಹೋಗದಂತೆ ತಡೆಯುವ ಟಾರ್ಕ್ ನಮಗೆ ಮೂರೂವರೆ ಪಟ್ಟು ಸಿಗುತ್ತೆ. ಅದಕ್ಕೇ ಹರಳೆಣ್ಣೆ ಹಚ್ಚಿದ ಕಂಬದ ಮೇಲೂ ತೊಡೆ ಹಿಡಿತ ನಿಲ್ಲುತ್ತೆ. ಸ್ಟೀಲ್ ಕಂಬಕ್ಕೆ ಎಣ್ಣೆ ತಾಗಿದರೆ ಅವತ್ತಿನ ಅಭ್ಯಾಸ ಮುಗೀತು.

---

ಕಾರವಾರ_ಕಂಬ:

ಎಲ್ಲರಿಗೂ ಧನ್ಯವಾದ. ಸೊಂಟ ಹಿಂದೆ ಬಿಟ್ಟರೆ ಕಾಲಿನ ಬೀಗ ನಿಲ್ಲುತ್ತೆ, ವ್ಯತ್ಯಾಸ ತಕ್ಷಣ ಗೊತ್ತಾಗುತ್ತೆ. ಆದರೆ ಎ.ಸಿ. ಹಾಕಿದ ರೂಮಿನಲ್ಲೂ ಕಂಬ ಒದ್ದೆ ಆಗುತ್ತೆ, ಒರೆಸಿದ ಎರಡೇ ನಿಮಿಷಕ್ಕೆ ಮತ್ತೆ ಮಂಜು. ಸ್ಪಿನ್ ಹಾಕಿದಾಗ ಸುತ್ತಿನ ಒಂದು ಭಾಗದಲ್ಲಿ ವೇಗ, ಇನ್ನೊಂದರಲ್ಲಿ ನಿಧಾನ. ಯಾಕೆ?

---

ಕುಮಟಾ_ಸೈಟ್:

ಕಟ್ಟಡದ ಕೆಲಸದವನು, ಹಾಗಾಗಿ ಕಂಬ ನಿಲ್ಲಿಸೋದರ ಬಗ್ಗೆ ಹೇಳ್ತೇನೆ.

ಮಂಜು: ಹೊರಗೆ 28 ಡಿಗ್ರಿ, ತೇವಾಂಶ 90 ಶೇಕಡಾ ಇದ್ದರೆ ಇಬ್ಬನಿ ಬಿಂದು (ಗಾಳಿಯ ತೇವ ನೀರಾಗುವ ಉಷ್ಣತೆ) ಸುಮಾರು 26 ಡಿಗ್ರಿ. ಮಳೆಗಾಲದಲ್ಲಿ ನಮ್ಮ ಕರಾವಳಿಗೆ ಇದು ಸಾಮಾನ್ಯ. ನೀವು ಎ.ಸಿ. 22ಕ್ಕೆ ಇಟ್ಟು ಕಂಬ ತಣಿಸಿ, ಕಿಟಕಿ ಬಾಗಿಲು ತೆರೆದರೆ ಆ ಗಾಳಿ ತಂಪು ಸ್ಟೀಲಿಗೆ ತಾಗಿ ನೀರಾಗುತ್ತೆ ಮಾರಾಯ್ರೆ. ಎಷ್ಟು ಒರೆಸಿದರೂ ಕಂಬ ಬೆಚ್ಚಗಾಗುವ ತನಕ ಬಿಡಲ್ಲ. ಎ.ಸಿ.ಯನ್ನು ಡ್ರೈ ಮೋಡ್‌ನಲ್ಲಿ 26, 27ಕ್ಕೆ ಇಡಿ, ಕಿಟಕಿ ಮುಚ್ಚಿ ಅರ್ಧ ಗಂಟೆ ಬಿಡಿ. ಆಮೇಲೆ ಒಣ ಬಟ್ಟೆಯಿಂದ ಬಲವಾಗಿ ಉಜ್ಜಿ, ಉಜ್ಜಿದ ಬಿಸಿಗೇ ಕಂಬ ಒಂದೆರಡು ಡಿಗ್ರಿ ಏರುತ್ತೆ. ಮೆಡಿಕಲ್ ಶಾಪಿನ ಸರ್ಜಿಕಲ್ ಸ್ಪಿರಿಟ್‌ನಲ್ಲಿ ಅದ್ದಿದ ಬಟ್ಟೆ ಜಿಡ್ಡು ತೆಗೆಯುತ್ತೆ, ಆದರೆ ಸ್ಪಿರಿಟ್ ಆರುವಾಗ ಕಂಬವನ್ನು ತಣಿಸುತ್ತೆ, ಹಾಗಾಗಿ ಮೊದಲು ಸ್ಪಿರಿಟ್, ಕೊನೆಗೆ ಒಣ ಉಜ್ಜು. ಉರಿಯುವ ವಸ್ತು, ದೀಪ ಊದುಬತ್ತಿ ದೂರ ಇರಲಿ.

ವೇಗ ಏರಿಳಿಯೋದು ಕಂಬ ಓರೆ ಇರೋದಕ್ಕೆ. ಒಂದು ಡಿಗ್ರಿ ಓರೆ ಅಂದರೆ 9 ಅಡಿಗೆ 48 ಮಿ.ಮೀ. ದೇಹ ಇಳಿಜಾರಿನ ಕಡೆ ಬರುವಾಗ ವೇಗ, ಏರುವಾಗ ನಿಧಾನ. ರಸಮಟ್ಟ ನಂಬಬೇಡಿ, ಒಂದಡಿಯ ರಸಮಟ್ಟಕ್ಕೆ ಸಣ್ಣ ಓರೆ ಕಾಣಲ್ಲ. ಮೇಲಿಂದ ತೂಗುಗುಂಡು ಬಿಟ್ಟು ಮೇಲೆ, ಕೆಳಗೆ ದಾರದಿಂದ ಕಂಬಕ್ಕೆ ಅಂತರ ಅಳೆಯಿರಿ, ಎರಡು ದಿಕ್ಕಿನಲ್ಲೂ. ಮೇಲಿನ, ಕೆಳಗಿನ ಅಂತರದ ವ್ಯತ್ಯಾಸ 3 ಮಿ.ಮೀ. ಒಳಗೆ ಬಂದರೆ ಸಾಕು.

ಬಿಗಿತ: ಗೋಕರ್ಣದವರು ಹೇಳಿದ 62 ಕೆ.ಜಿ. ಎಳೆತ ಕಂಬದ ನಡುವೆ ಬಿದ್ದರೆ ಅರ್ಧದಷ್ಟು, ಸುಮಾರು 300 ನ್ಯೂಟನ್, ಸ್ಲ್ಯಾಬಿನ ತುದಿಗೆ ಅಡ್ಡಕ್ಕೆ ಬರುತ್ತೆ. ಅದನ್ನು ತಡೆಯೋದು ರಬ್ಬರ್ ಪ್ಯಾಡಿನ ಘರ್ಷಣೆ. ಘರ್ಷಣಾಂಕ 0.6 ಹಿಡಿದರೂ 500 ನ್ಯೂಟನ್ ಒತ್ತಡ ಕನಿಷ್ಠ. ಮೂರು ಪಟ್ಟು ಸುರಕ್ಷೆಗೆ 1500, ಅಂದರೆ ಸ್ಲ್ಯಾಬನ್ನು ಕೆಳಗಿಂದ 150 ಕೆ.ಜಿ. ತಳ್ಳಿದ ಹಾಗೆ. ಅದಕ್ಕೇ ಬೀಮಿನ ಕೆಳಗೆ ನಿಲ್ಲಿಸಿ. ಸುಣ್ಣ, ಪುಟ್ಟಿ ಪದರದ ಮೇಲೆ ಪ್ಯಾಡ್ ಕೂರಿಸಿದರೆ ಪುಡಿ ಎದ್ದು ಘರ್ಷಣೆ ಹೋಗುತ್ತೆ, ಆ ಜಾಗ ಕೆರೆದು ಕಾಂಕ್ರೀಟಿಗೆ ತಾಗಿಸಿ. ಜಿಪ್ಸಂ ಫಾಲ್ಸ್ ಸೀಲಿಂಗಿಗೆ ಎಂದೂ ಬೇಡ.

ಸಮುದ್ರದ ಹತ್ತಿರದ ಹಳೇ ಕಟ್ಟಡಗಳಲ್ಲಿ ಉಪ್ಪಿನಿಂದ ಸ್ಲ್ಯಾಬಿನ ಕಬ್ಬಿಣ ತುಕ್ಕು ಹಿಡಿದು ಉಬ್ಬಿ, ಕಾಂಕ್ರೀಟ್ ಸಿಪ್ಪೆ ಬಿಡುತ್ತೆ. ಕಂಬ ನಿಲ್ಲಿಸುವ ಜಾಗವನ್ನು ಸುತ್ತಿಗೆಯಿಂದ ಮೆಲ್ಲಗೆ ತಟ್ಟಿ ನೋಡಿ. ಟೊಳ್ಳು ಸದ್ದು ಬಂದರೆ ಅಥವಾ ಉದ್ದುದ್ದ ಕಂದು ಬಿರುಕು ಕಂಡರೆ ಅಲ್ಲಿ ಬೇಡ. ಶಿರಸಿ, ಸಿದ್ದಾಪುರ ಕಡೆ ಹೆಂಚಿನ ಮನೆಯವರು ಇದನ್ನು ಓದುತ್ತಿದ್ದರೆ: ಅಟ್ಟದ ಹಲಗೆಗೆ ಬಿಗಿ ಮಾಡಬೇಡಿ, ಹಲಗೆ ಮೇಲೇಳುತ್ತೆ. ಅಗಲ ಪೀಠದ ಮೇಲೆ ತಾನೇ ನಿಲ್ಲುವ ಜಾತಿಯ ಪೋಲ್ ತರಿಸಿ.

ಪ್ರತಿ ಸಲ ಹತ್ತುವ ಮೊದಲು ಎರಡೂ ಕೈಯಲ್ಲಿ ಕಂಬ ಹಿಡಿದು ನಾಲ್ಕೂ ದಿಕ್ಕಿಗೆ ಜಗ್ಗಿ. ಒತ್ತಡದಲ್ಲಿರುವ ರಬ್ಬರ್ ದಿನ ಕಳೆದಂತೆ ಕುಗ್ಗುತ್ತೆ, ಇವತ್ತಿನ ಬಿಗಿ ವಾರದ ಮೇಲೆ ಇರಲ್ಲ.

---

ಶಿರಸಿ_ಫಿಸಿಕ್ಸ್:

ಕುಮಟಾದವರ ಮಾತಿಗೆ ಎರಡು ಸೇರಿಸ್ತೇನೆ.

ಚಾಕ್ ತೆಳ್ಳಗೆ. ಚರ್ಮ ತೀರಾ ಒಣಗಿದ್ದರೂ ಹಿಡಿತ ಕಡಿಮೆ, ಬೆವರು ಹರಿದರೂ ಕಡಿಮೆ. ನಸು ತೇವದಲ್ಲಿ ಚರ್ಮ ಮೆತ್ತಗಾಗಿ ಕಂಬಕ್ಕೆ ಹೆಚ್ಚು ಜಾಗ ತಾಗುತ್ತೆ, ಹಿಡಿತ ಅಲ್ಲೇ ಅತಿ ಹೆಚ್ಚು. ದಪ್ಪ ಪುಡಿ ಬಳಿದರೆ ಕಣಗಳೇ ಉರುಳಿ ಜಾರಿಸುತ್ತವೆ. ಹಚ್ಚಿ, ಕೈ ತಟ್ಟಿ ಉದುರಿಸಿ. ತೆಂಗಿನೆಣ್ಣೆ ಹಚ್ಚಿ ಮಿಂದ ದಿನ ಸೋಪು ಎಷ್ಟು ಉಜ್ಜಿದರೂ ತೊಡೆ ಹಿಡಿತ ಬರಲ್ಲ, ಎಣ್ಣೆ ಸ್ನಾನದ ಮರುದಿನ ಅಭ್ಯಾಸ ಇಟ್ಟುಕೊಳ್ಳಿ.

ಇನ್ನು ಮ್ಯಾಟ್. ಒಂದೂವರೆ ಮೀಟರಿನಿಂದ ಬಿದ್ದರೆ ನಿಮ್ಮ ಶಕ್ತಿ ಸುಮಾರು 810 ಜೂಲ್. 10 ಸೆಂ.ಮೀ. ಮ್ಯಾಟ್ 8 ಸೆಂ.ಮೀ. ಕುಗ್ಗಿ ನಿಲ್ಲಿಸಿದರೂ ಸರಾಸರಿ ಬಲ 10,000 ನ್ಯೂಟನ್, ನಿಮ್ಮ ತೂಕದ 18 ಪಟ್ಟಿಗೂ ಮೇಲೆ. ಪೃಷ್ಠ, ಬೆನ್ನು ಅಗಲಕ್ಕೆ ಬಿದ್ದರೆ ಬರೀ ಪೆಟ್ಟಿನಲ್ಲೇ ಪಾರಾಗಬಹುದು, ಕುತ್ತಿಗೆ ತಡೆಯಲ್ಲ. ತಲೆಕೆಳಗಿನ ಹೊಸ ಭಂಗಿ ಯಾವುದೇ ಇರಲಿ, ಸೊಂಟದ ಪಕ್ಕ ಒಬ್ಬರು ನಿಂತು ಹಿಡಿಯುವವರು ಇಲ್ಲದೆ ಎರಡೂ ಕೈ ಬಿಡಬೇಡಿ. ಮಣಿಕಟ್ಟು ಅಭ್ಯಾಸ ನಿಲ್ಲಿಸಿದ ಮರುದಿನವೂ ನೋಯುತ್ತಿದ್ದರೆ ಸ್ಪ್ಲಿಟ್ ಗ್ರಿಪ್ ಕೆಲವು ವಾರ ಬಿಟ್ಟು ಹತ್ತುವುದು, ಮಂಡಿ ಹಿಡಿತ ಮಾತ್ರ ಮಾಡಿ, ಮೂಳೆ ಡಾಕ್ಟರಿಗೆ ತೋರಿಸಿ.